ಕಂಟೇನರಿನ ಒಳಗೆ ಒಮ್ಮೆ ಇಣುಕಿ ನೋಡು

ಮಗಳೇ,

ಹೊಸ ತಂಡ ಸೇರಿದ ಮೇಲೆ ನೀನು ಕೇಳಿದ ಮೊದಲ ಪ್ರಶ್ನೆಯೇ ನನಗೆ ಇಷ್ಟವಾಯಿತು. "ಚಿಕ್ಕಮ್ಮ, ಫೀಲ್ಡಿನ ಮೇಲೆ ಆಟೋವೈರ್ಡ್ ಅಂತ ಬರೆದರೆ ಸಾಕು, ಆಬ್ಜೆಕ್ಟ್ ತಾನಾಗೇ ಬಂದು ಕೂರುತ್ತೆ. ಎಲ್ಲಿಂದ ಬರುತ್ತೆ, ಯಾರು ತರ್ತಾರೆ ಅಂದ್ರೆ, ಅದೆಲ್ಲ ಸ್ಪ್ರಿಂಗ್ ನೋಡ್ಕೊಳ್ಳುತ್ತೆ ಬಿಡು ಅಂತಾರೆ. ನಾನು ತಿಳ್ಕೋಬೇಕಾ?" ಅಂದೆ. ತಿಳ್ಕೋಬೇಕು ಕಣಮ್ಮ. ಅದೂ ಈಗಲೇ, ಕೈಗೆ ಅಭ್ಯಾಸ ಕೂರುವ ಮೊದಲೇ. ಡಿಪೆಂಡೆನ್ಸಿ ಇಂಜೆಕ್ಷನ್ ಫ್ರೇಮ್‌ವರ್ಕ್ ಎಷ್ಟೇ ದೊಡ್ಡದಾಗಿ ಬೆಳೆದಿರಲಿ, ಅದರ ಒಳಗೆ ನಡೆಯುವ ಕೆಲಸ ಬೆರಳೆಣಿಕೆಯಷ್ಟು. ಅಷ್ಟನ್ನು ಬಲ್ಲವಳಿಗೆ ಅದು ಕೈಯಾಳು. ತಿಳಿಯದೆ ಬಳಸಿದರೆ ಪ್ರತಿಯೊಂದು ಎರರ್ ಬಂದಾಗಲೂ ಇಂಟರ್ನೆಟ್ಟಿನಲ್ಲಿ ಯಾರೋ ಬರೆದ ಅನೋಟೇಶನ್ ಹುಡುಕಿ ತಂದು ಅಂಟಿಸುವುದೇ ಕೆಲಸವಾಗುತ್ತದೆ.

ಮೊದಲು ಫ್ರೇಮ್‌ವರ್ಕನ್ನು ಪಕ್ಕಕ್ಕಿಡು. ಬಸ್ ಟಿಕೆಟ್ ಬುಕ್ ಮಾಡುವ ಒಂದು ಸೇವೆಯನ್ನು ಮನಸ್ಸಿಗೆ ತಂದುಕೋ. ಬುಕಿಂಗ್ ಸರ್ವಿಸ್ ಎಂಬ ಕ್ಲಾಸಿಗೆ ಮೂರು ನೆರವು ಬೇಕು: ಖಾಲಿ ಸೀಟು ನೋಡಿ ಹಿಡಿದಿಡಲು ಒಂದು ರೆಪಾಸಿಟರಿ, ಹಣ ಪಡೆಯಲು ಪೇಮೆಂಟ್ ಗೇಟ್‌ವೇ, ಪ್ರಯಾಣಿಕರಿಗೆ ಎಸ್ಸೆಮ್ಮೆಸ್ ಕಳಿಸಲು ಒಂದು ಸೆಂಡರ್. ಈ ಮೂರನ್ನೂ ಆ ಕ್ಲಾಸು ತನ್ನೊಳಗೇ 'ನ್ಯೂ' ಎಂದು ಬರೆದು ಹುಟ್ಟಿಸಿಕೊಂಡಿತು ಎನ್ನೋಣ. ಆಗ ಏನಾಗುತ್ತದೆ? ಟೆಸ್ಟ್ ಓಡಿಸಿದಾಗಲೆಲ್ಲ ನಿಜವಾದ ಎಸ್ಸೆಮ್ಮೆಸ್ ಹೋಗುತ್ತದೆ. ನಿಜವಾದ ಡೇಟಾಬೇಸ್ ಇಲ್ಲದೆ ಟೆಸ್ಟೇ ಓಡುವುದಿಲ್ಲ. ಗೇಟ್‌ವೇ ಬದಲಾಯಿಸಬೇಕಾದರೆ ಸೀಟು ಹಿಡಿಯುವ ಲೆಕ್ಕಾಚಾರ ಇರುವ ಕಡತವನ್ನೇ ಬಿಚ್ಚಬೇಕು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಈ ಕ್ಲಾಸಿಗೆ ಏನೇನು ಬೇಕು ಎಂಬುದು ಹೊರಗಿನಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಒಳಗಿನ ಪ್ರತಿ ಸಾಲು ಓದಬೇಕು.

ಮದುವೆ ಮನೆಯ ಅಡುಗೆಯವರನ್ನು ನೋಡಿದ್ದೀಯಲ್ಲ. ಅವರು ಅಂಗಡಿಗೆ ಓಡುವುದಿಲ್ಲ. ಇಷ್ಟು ಜನಕ್ಕೆ ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಬೆಲ್ಲ ಎಂದು ಸಾಮಾನಿನ ಚೀಟಿ ಬರೆದುಕೊಡುತ್ತಾರೆ. ತರುವುದು ಮನೆಯವರ ಜವಾಬ್ದಾರಿ. ಕ್ಲಾಸಿನ ಕನ್‌ಸ್ಟ್ರಕ್ಟರ್ ಎಂದರೆ ಆ ಚೀಟಿಯೇ. ಬುಕಿಂಗ್ ಸರ್ವಿಸ್ ತನಗೆ ಬೇಕಾದ ಮೂರನ್ನೂ ಕನ್‌ಸ್ಟ್ರಕ್ಟರಿನಲ್ಲಿ ಕೇಳಿ ಸುಮ್ಮನಾಗುತ್ತದೆ. ನಿಜವಾದ ಗೇಟ್‌ವೇ ಕೊಡುವುದೋ, ಟೆಸ್ಟಿಗಾಗಿ ಬರೆದ ನಕಲಿಯನ್ನು ಕೊಡುವುದೋ ಎಂಬ ನಿರ್ಧಾರ ಹೊರಗಿನವರದು. ಡಿಪೆಂಡೆನ್ಸಿ ಇಂಜೆಕ್ಷನ್ ಎಂದರೆ ಇಷ್ಟೇ. ಇದಕ್ಕೆ ಯಾವ ಫ್ರೇಮ್‌ವರ್ಕೂ ಬೇಕಿಲ್ಲ, ಯಾವ ಅನೋಟೇಶನ್ನೂ ಬೇಕಿಲ್ಲ. ಈ ಹೆಸರು ಗಟ್ಟಿಯಾದದ್ದು 2004ರ ಜನವರಿಯಲ್ಲಿ, ಮಾರ್ಟಿನ್ ಫೌಲರ್ ಬರೆದ ಒಂದು ದೀರ್ಘ ಲೇಖನದಿಂದ. ಅದಕ್ಕೂ ಮೊದಲು ಜನ ಇದನ್ನು ಇನ್ವರ್ಶನ್ ಆಫ್ ಕಂಟ್ರೋಲ್ ಎಂಬ ಬಹಳ ಅಗಲವಾದ ಮಾತಿನ ಕೆಳಗೆ ಸೇರಿಸುತ್ತಿದ್ದರು. ಕನ್‌ಸ್ಟ್ರಕ್ಟರಿನ ಮೂಲಕ ಕೊಡುವುದು, ಸೆಟ್ಟರ್ ಮೂಲಕ ಕೊಡುವುದು, ಇಂಟರ್‌ಫೇಸ್ ಮೂಲಕ ಕೊಡುವುದು ಎಂದು ಫೌಲರ್ ಮೂರು ಬಗೆ ಗುರುತಿಸಿದ್ದರು. ಕೊನೆಯದು ಹೆಚ್ಚೂಕಡಿಮೆ ಮರೆಯಾಗಿದೆ. ನೀನು ಮೊದಲನೆಯದನ್ನೇ ಹಿಡಿ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹಾಗಾದರೆ ಫ್ರೇಮ್‌ವರ್ಕ್ ಯಾಕೆ ಬಂತು? ಯಾರಾದರೂ ಒಬ್ಬರು ಎಲ್ಲೋ ಒಂದು ಕಡೆ ಈ ಆಬ್ಜೆಕ್ಟುಗಳನ್ನೆಲ್ಲ ಹುಟ್ಟಿಸಿ ಒಂದಕ್ಕೊಂದು ಜೋಡಿಸಲೇಬೇಕಲ್ಲ. ಚಿಕ್ಕ ಪ್ರೋಗ್ರಾಮಿನಲ್ಲಿ 'ಮೇನ್' ಮೆಥಡ್ಡಿನಲ್ಲೇ ಹತ್ತು ಹದಿನೈದು ಸಾಲಿನಲ್ಲಿ ಆ ಕೆಲಸ ಮುಗಿಯುತ್ತದೆ. ಜೋಡಣೆ ನಡೆಯುವ ಆ ಒಂದೇ ಜಾಗಕ್ಕೆ ಕಾಂಪೊಸಿಷನ್ ರೂಟ್ ಎನ್ನುತ್ತಾರೆ. ಡಾಟ್‌ನೆಟ್ ಲೋಕದ ಮಾರ್ಕ್ ಸೀಮನ್ ತಮ್ಮ ಪುಸ್ತಕದಿಂದ ಈ ಮಾತನ್ನು ಎಲ್ಲರ ಬಾಯಿಗೆ ತಂದರು. ಕ್ಲಾಸುಗಳು ನೂರಾರಾದಾಗ, ಕೆಲವು ಒಂದೇ ಇರಬೇಕು ಕೆಲವು ಪ್ರತಿ ರಿಕ್ವೆಸ್ಟಿಗೂ ಹೊಸದಾಗಬೇಕು ಎಂದಾದಾಗ, ಕೈಯಿಂದ ಬರೆದ ಜೋಡಣೆ ಭಾರವಾಗುತ್ತದೆ. ಆ ಭಾರ ಹೊರಲು ಬಂದದ್ದೇ ಕಂಟೇನರ್. ರಾಡ್ ಜಾನ್ಸನ್ 2002ರಲ್ಲಿ ಜೆ2ಇಇ ಕುರಿತು ಬರೆದ ಪುಸ್ತಕದ ಜೊತೆ ಮೂವತ್ತು ಸಾವಿರ ಸಾಲಿನಷ್ಟು ಕೋಡ್ ಕೊಟ್ಟಿದ್ದರು. ಅದೇ ಬೆಳೆದು 2004ರ ಮಾರ್ಚಿನಲ್ಲಿ ಸ್ಪ್ರಿಂಗ್ 1.0 ಆಯಿತು. ಆ ಕಾಲದ ಇಜೆಬಿ ಕೋಡಿಗೆ ಒಂದು ಚಿಕ್ಕ ಟೆಸ್ಟ್ ಓಡಿಸಬೇಕಾದರೂ ಅಪ್ಲಿಕೇಶನ್ ಸರ್ವರನ್ನು ಎಬ್ಬಿಸಿ ಕಾಯಬೇಕಿತ್ತು. ಸಾದಾ ಜಾವಾ ಕ್ಲಾಸು ಸಾದಾ ಜಾವಾ ಕ್ಲಾಸಾಗಿಯೇ ಉಳಿಯಬಹುದು ಎಂಬ ಭರವಸೆ ನಮ್ಮ ತಲೆಮಾರಿನವರಿಗೆ ಎಷ್ಟು ದೊಡ್ಡ ಬಿಡುಗಡೆಯಾಗಿತ್ತು ಎಂಬುದು ನಿನಗೆ ಈಗ ಊಹಿಸುವುದು ಕಷ್ಟ.

ಈಗ ಒಳಗೆ ಬಾ. ಮೊದಲು ಸಿಗುವುದು ದಾಖಲೆ ಪುಸ್ತಕ, ನಮ್ಮ ಭಾಷೆಯಲ್ಲಿ ರಿಜಿಸ್ಟ್ರಿ. ಪೇಮೆಂಟ್ ಗೇಟ್‌ವೇ ಎಂಬ ಇಂಟರ್‌ಫೇಸನ್ನು ಯಾರಾದರೂ ಕೇಳಿದರೆ ಯಾವ ಕ್ಲಾಸಿನ ಆಬ್ಜೆಕ್ಟ್ ಕೊಡಬೇಕು, ಅದನ್ನು ಹೇಗೆ ಹುಟ್ಟಿಸಬೇಕು, ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬ ಮೂರು ವಿಷಯ ಅದರ ಒಂದೊಂದು ನಮೂದಿನಲ್ಲೂ ಇರುತ್ತದೆ. ಇಲ್ಲಿ ಇರುವುದು ಆಬ್ಜೆಕ್ಟ್ ಅಲ್ಲ, ಆಬ್ಜೆಕ್ಟ್ ತಯಾರಿಸುವ ವಿಧಾನ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ. ಸ್ಪ್ರಿಂಗ್ ಇದನ್ನು ಬೀನ್ ಡೆಫಿನಿಶನ್ ಎನ್ನುತ್ತದೆ. ಮೊದಲು ಇದನ್ನು ಎಕ್ಸೆಮ್ಮೆಲ್ ಕಡತದಲ್ಲಿ ಬರೆಯುತ್ತಿದ್ದೆವು, ಉದ್ದುದ್ದ ಕಡತಗಳು. 2007ರಲ್ಲಿ ಬಂದ 2.5 ಆವೃತ್ತಿಯಿಂದ ಕ್ಲಾಸಿನ ಮೇಲೆ ಕಾಂಪೊನೆಂಟ್ ಅಂತಲೋ ಸರ್ವಿಸ್ ಅಂತಲೋ ಗುರುತು ಹಾಕಿದರೆ ಕಂಟೇನರೇ ಪ್ಯಾಕೇಜುಗಳನ್ನು ಜಾಲಾಡಿ ಬರೆದುಕೊಳ್ಳತೊಡಗಿತು. ಅದೇ ವರ್ಷ ಗೂಗಲ್ ಹೊರತಂದ ಗೈಸ್ ಬೇರೆ ದಾರಿ ಹಿಡಿಯಿತು. ಮಾಡ್ಯೂಲ್ ಎಂಬ ಜಾವಾ ಕ್ಲಾಸಿನಲ್ಲಿ ಈ ಇಂಟರ್‌ಫೇಸಿಗೆ ಈ ಕ್ಲಾಸು ಎಂದು ಕೋಡಿನಲ್ಲೇ ಬರೆಯುವುದು. ಡಾಟ್‌ನೆಟ್‌ನಲ್ಲಿ ಸರ್ವಿಸ್ ಕಲೆಕ್ಷನ್ನಿಗೆ ಒಂದೊಂದಾಗಿ ಸೇರಿಸುತ್ತಾ ಹೋಗುತ್ತಾರೆ.

ದಾಖಲೆ ಯಾವ ರೂಪದಲ್ಲಿದ್ದರೂ ನನಗೆ ತಕರಾರಿಲ್ಲ, ಆದರೆ ಒಂದು ಮಾತು. ತಾನಾಗಿ ಜಾಲಾಡಿ ಬರೆದುಕೊಳ್ಳುವ ವ್ಯವಸ್ಥೆ ಅನುಕೂಲವಾದಷ್ಟೂ ಮಸುಕು. ಹೊಸ ತಂಡದಲ್ಲಿ ಮೊದಲ ವಾರ ನಿನ್ನ ಅಪ್ಲಿಕೇಶನ್ ಏಳುವಾಗ ಕಂಟೇನರಿನಲ್ಲಿ ಏನೇನು ಸೇರಿದೆ ಎಂಬ ಪಟ್ಟಿ ತೆಗೆದು ನೋಡು. ಸ್ಪ್ರಿಂಗ್ ಬೂಟಿನ ಆಕ್ಚುಯೇಟರಿನಲ್ಲಿ ಅದಕ್ಕೆಂದೇ ಬೀನ್ಸ್ ಎಂಬ ಎಂಡ್‌ಪಾಯಿಂಟ್ ಇದೆ. ನೀನು ಬರೆದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೀನ್‌ಗಳು ಅಲ್ಲಿರುತ್ತವೆ. ಅವೆಲ್ಲ ಆಟೋ ಕಾನ್ಫಿಗರೇಶನ್ ತಂದಿಟ್ಟವು. ಹೆದರಬೇಡ, ಓದು.

ಒಂದೇ ಇಂಟರ್‌ಫೇಸಿಗೆ ಇಬ್ಬರು ಅಭ್ಯರ್ಥಿಗಳಿದ್ದಾಗ ಏನಾಗುತ್ತದೆ ಎಂಬುದನ್ನೂ ತಿಳಿದಿರು. ಯುಪಿಐ ಗೇಟ್‌ವೇ ಒಂದು, ಕಾರ್ಡ್ ಗೇಟ್‌ವೇ ಇನ್ನೊಂದು. ಸ್ಪ್ರಿಂಗ್ ಸುಮ್ಮನೆ ಒಂದನ್ನು ಆರಿಸಿ ಕೊಡುವುದಿಲ್ಲ. ಪ್ರೈಮರಿ ಎಂಬ ಗುರುತಾಗಲಿ, ಕ್ವಾಲಿಫೈಯರ್ ಎಂಬ ಹೆಸರಾಗಲಿ, ಹೊಂದುವ ಪ್ಯಾರಾಮೀಟರ್ ಹೆಸರಾಗಲಿ ಸಿಗದಿದ್ದರೆ ಮೇಲೇಳಲು ನಿರಾಕರಿಸುತ್ತದೆ. ಡಾಟ್‌ನೆಟ್‌ನ ಕಂಟೇನರ್ ಹಾಗಲ್ಲ, ಕೊನೆಗೆ ಸೇರಿಸಿದ್ದನ್ನು ಕೊಡುತ್ತದೆ. ಎರಡೂ ಗೊತ್ತಿರದಿದ್ದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವರು ಗೇಟ್‌ವೇ ಬದಲಾಗಿದ್ದನ್ನು ಗಮನಿಸದೇ ಹೋಗುತ್ತಾರೆ.

ಎರಡನೆಯದು ರಿಸಾಲ್ವರ್, ಅಂದರೆ ಚೀಟಿ ಓದಿ ಸಾಮಾನು ಜೋಡಿಸುವ ಭಾಗ. ನೋಡಲು ದೊಡ್ಡ ಕೌತುಕ, ಒಳಗೆ ಬಹಳ ಸರಳ. ಬುಕಿಂಗ್ ಸರ್ವಿಸ್ ಬೇಕು ಎಂದು ಕೇಳಿದಾಗ ಅದರ ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರುಗಳು ಯಾವ ಟೈಪಿನವು ಎಂದು ರಿಫ್ಲೆಕ್ಷನ್ ಬಳಸಿ ನೋಡುತ್ತದೆ. ಒಂದೊಂದು ಟೈಪಿಗೂ ಮತ್ತೆ ಅದೇ ಪ್ರಶ್ನೆ ತನಗೆ ತಾನೇ ಕೇಳಿಕೊಳ್ಳುತ್ತದೆ. ರೆಪಾಸಿಟರಿಗೆ ಕನೆಕ್ಷನ್ ಪೂಲ್ ಬೇಕು, ಪೂಲಿಗೆ ಕಾನ್ಫಿಗರೇಶನ್ ಬೇಕು. ಏನೂ ಬೇಡದ ಕ್ಲಾಸು ಸಿಗುವವರೆಗೆ ಕೆಳಗಿಳಿದು, ಅಲ್ಲಿಂದ ಒಂದೊಂದಾಗಿ ಹುಟ್ಟಿಸುತ್ತಾ ಮೇಲಕ್ಕೆ ಬರುತ್ತದೆ. ಕಾಲೇಜಿನಲ್ಲಿ ಗ್ರಾಫ್ ಓದುವಾಗ ಡೆಪ್ತ್ ಫಸ್ಟ್ ಸರ್ಚ್ ಕಲಿತಿದ್ದೆಯಲ್ಲ, ಅದೇ ಇದು. ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕೆ ಬರುತ್ತೆ ಎಂದು ಆಗ ಕೇಳಿದ್ದೆ, ಈ ಕೆಲಸಕ್ಕೆ.

ಇದು ಗೊತ್ತಿದ್ದರೆ ಆ ಮೈಲುದ್ದದ ಎರರ್ ಓದುವುದು ಸಲೀಸು. ಸ್ಪ್ರಿಂಗ್ ಮೇಲೇಳದೆ ನಿಂತಾಗ ಹೊಸಬರು ಮೇಲಿನ ಸಾಲು ಓದಿ ಬುಕಿಂಗ್ ಸರ್ವಿಸ್‌ನಲ್ಲಿ ತಪ್ಪಿದೆ ಎಂದುಕೊಳ್ಳುತ್ತಾರೆ. ಅಲ್ಲ. ರಿಸಾಲ್ವರ್ ಇಳಿಯುತ್ತಾ ಹೋದ ದಾರಿ ಅದು. ನಿಜವಾದ ಕಾರಣ ಇರುವುದು ಕೊನೆಯ ಕಾಸ್ಡ್ ಬೈ ಸಾಲಿನಲ್ಲಿ, ಎಲ್ಲಕ್ಕಿಂತ ಆಳದಲ್ಲಿ. ಕೆಳಗಿನಿಂದ ಓದು. ಸ್ಪ್ರಿಂಗ್ ಸಿಂಗಲ್‌ಟನ್ ಬೀನ್‌ಗಳನ್ನು ಶುರುವಿನಲ್ಲೇ ಹುಟ್ಟಿಸುವುದು ದೊಡ್ಡ ಉಪಕಾರ; ಕೊರತೆ ಇದ್ದರೆ ಮೇಲೇಳುವಾಗಲೇ ಬಿದ್ದುಹೋಗುತ್ತದೆ, ದಸರಾ ರಜೆಯ ಬುಕಿಂಗ್ ನಡುವೆ ಬೀಳುವುದಿಲ್ಲ. ಏಳುವುದು ಬೇಗವಾಗಲಿ ಎಂದು ಎಲ್ಲವನ್ನೂ ಲೇಜಿ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಈ ಮಾತು ನೆನಪಿಸು.

ರಿಸಾಲ್ವರಿಗೆ ಬಿಡಿಸಲಾಗದ ಗಂಟು ಒಂದೇ, ಸುತ್ತು. ಬುಕಿಂಗ್ ಸರ್ವಿಸ್‌ಗೆ ರೀಫಂಡ್ ಸರ್ವಿಸ್ ಬೇಕು, ರೀಫಂಡ್ ಸರ್ವಿಸ್‌ಗೆ ಬುಕಿಂಗ್ ಸರ್ವಿಸ್ ಬೇಕು. ಕನ್‌ಸ್ಟ್ರಕ್ಟರಿನಲ್ಲಿ ಕೇಳಿದ್ದರೆ ಯಾವುದನ್ನೂ ಮೊದಲು ಹುಟ್ಟಿಸಲಾಗದು. ಫೀಲ್ಡ್ ಅಥವಾ ಸೆಟ್ಟರ್ ಮೂಲಕ ಕೇಳಿದ್ದರೆ ಅರ್ಧ ತಯಾರಾದ ಆಬ್ಜೆಕ್ಟನ್ನು ಇನ್ನೊಂದರ ಕೈಗಿಟ್ಟು ಸ್ಪ್ರಿಂಗ್ ಹೇಗೋ ನಿಭಾಯಿಸುತ್ತಿತ್ತು. ವರ್ಷಗಟ್ಟಲೆ ಈ ಸೌಕರ್ಯದಿಂದಾಗಿ ಸುತ್ತುಗಳು ಯಾರ ಕಣ್ಣಿಗೂ ಬೀಳದೆ ಬೆಳೆದವು. 2021ರಲ್ಲಿ ಬಂದ ಸ್ಪ್ರಿಂಗ್ ಬೂಟ್ 2.6 ನಾವು ಏನೂ ಹೇಳದಿದ್ದರೆ ಸುತ್ತುಗಳನ್ನು ನಿಷೇಧಿಸತೊಡಗಿತು. ಮತ್ತೆ ಅನುಮತಿಸುವ ಒಂದು ಸಾಲಿನ ಸೆಟ್ಟಿಂಗ್ ಇದೆ, ಲೇಜಿ ಅನೋಟೇಶನ್ನೂ ಇದೆ. ಎರಡನ್ನೂ ಮುಟ್ಟುವ ಮೊದಲು ಯೋಚಿಸು: ಎರಡೂ ಕ್ಲಾಸುಗಳು ಒಂದನ್ನೊಂದು ಹುಡುಕುತ್ತಿರುವುದು ಯಾವ ಕೆಲಸಕ್ಕಾಗಿ? ಸಾಮಾನ್ಯವಾಗಿ ದರ ಲೆಕ್ಕಹಾಕುವಂಥ ಒಂದು ಮೂರನೇ ಕೆಲಸ ಎರಡರಲ್ಲೂ ಹಂಚಿಹೋಗಿರುತ್ತದೆ. ಅದನ್ನು ಹೊರತೆಗೆದು ಬೇರೆ ಕ್ಲಾಸು ಮಾಡಿದರೆ ಗಂಟು ತಾನಾಗಿ ಸಡಿಲವಾಗುತ್ತದೆ.

ಎಲ್ಲ ಫ್ರೇಮ್‌ವರ್ಕುಗಳೂ ಓಡುವಾಗಲೇ ಹುಡುಕುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ತೆರೆದುಕೊಳ್ಳುವಾಗ ರಿಫ್ಲೆಕ್ಷನ್ನಿಗೆ ಸಮಯ ಕೊಡುವುದು ದುಬಾರಿ. ಸ್ಕ್ವೇರ್ ಕಂಪನಿ 2012ರಲ್ಲಿ ತಂದು, ಮುಂದೆ ಗೂಗಲ್ ತನ್ನ ಕೈಗೆ ತೆಗೆದುಕೊಂಡ ಡ್ಯಾಗರ್, ಕಂಪೈಲ್ ಮಾಡುವಾಗಲೇ ಜೋಡಣೆಯ ಕೋಡನ್ನು ಬರೆದುಬಿಡುತ್ತದೆ. ಒಂದು ಸಾಮಾನು ಕಡಿಮೆಯಿದ್ದರೂ ಕಂಪೈಲ್ ಆಗುವುದಿಲ್ಲ. ಅದು ಬರೆದ ಕೋಡ್ ತೆರೆದರೆ ನಾವು ಕೈಯಿಂದ ಬರೆಯಬಹುದಾಗಿದ್ದ 'ನ್ಯೂ' ಸಾಲುಗಳೇ ಕಾಣುತ್ತವೆ. ಸರ್ವರ್ ಕಡೆ ಮೈಕ್ರೋನಾಟ್, ಕ್ವಾರ್ಕಸ್ ಕೂಡ ಇದೇ ದಾರಿಯವು. ಗೋ ಭಾಷೆಗೂ ಗೂಗಲ್‌ನವರು ವೈರ್ ತಂದಿದ್ದರು.

ಮಗಳೇ, ಇಲ್ಲಿಯವರೆಗೆ ಹೇಳಿದ್ದು ತಪ್ಪಿದರೆ ಅಪ್ಲಿಕೇಶನ್ ಏಳುವುದಿಲ್ಲ, ಅಷ್ಟೇ. ಮೂರನೆಯ ಭಾಗ ಹಾಗಲ್ಲ. ಆಯುಷ್ಯದ ಲೆಕ್ಕ, ಸ್ಕೋಪ್, ಇದು ತಪ್ಪಿದರೆ ಎಲ್ಲವೂ ಸರಿಯಾಗಿ ಏಳುತ್ತದೆ, ಟೆಸ್ಟುಗಳೆಲ್ಲ ಹಸಿರಾಗುತ್ತವೆ, ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರ ಹೆಸರು ಬರುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಆಬ್ಜೆಕ್ಟಿಗೆ ಮೂರು ಬಗೆಯ ಆಯುಷ್ಯ ಸಾಮಾನ್ಯ. ಒಂದು, ಕಂಟೇನರ್ ಇರುವವರೆಗೂ ಒಂದೇ ಇರುವ ಸಿಂಗಲ್‌ಟನ್. ಎರಡು, ಕೇಳಿದಾಗಲೆಲ್ಲ ಹೊಸದಾಗಿ ಹುಟ್ಟುವುದು; ಸ್ಪ್ರಿಂಗ್ ಅದನ್ನು ಪ್ರೋಟೋಟೈಪ್ ಎಂದರೆ ಡಾಟ್‌ನೆಟ್ ಟ್ರಾನ್ಸಿಯೆಂಟ್ ಎನ್ನುತ್ತದೆ. ಮೂರು, ಒಂದು ನಿರ್ದಿಷ್ಟ ಅವಧಿಗೆ ಒಂದು, ಹೆಚ್ಚಾಗಿ ಒಂದು ವೆಬ್ ರಿಕ್ವೆಸ್ಟಿಗೆ ಒಂದು; ಡಾಟ್‌ನೆಟ್ ಇದನ್ನು ಸ್ಕೋಪ್ಡ್ ಎನ್ನುತ್ತದೆ. ಸ್ಪ್ರಿಂಗಿನಲ್ಲಿ ನೀನು ಏನೂ ಹೇಳದಿದ್ದರೆ ಸಿಂಗಲ್‌ಟನ್ ಆಗುತ್ತದೆ. ಅಂದರೆ ನೀನು ಬರೆದ ಬುಕಿಂಗ್ ಸರ್ವಿಸ್ ಒಂದೇ ಒಂದು ಇರುತ್ತದೆ, ನೂರಾರು ಥ್ರೆಡ್ಡುಗಳು ಒಂದೇ ಹೊತ್ತಿನಲ್ಲಿ ಅದರೊಳಗೆ ಓಡಾಡುತ್ತಿರುತ್ತವೆ. ಈಗ ಯಾರೋ ಅವಸರದಲ್ಲಿ 'ಈಗಿನ ಪ್ರಯಾಣಿಕ' ಎಂದು ಒಂದು ಫೀಲ್ಡ್ ಸೇರಿಸುತ್ತಾರೆ, ಎರಡು ಮೆಥಡ್ಡುಗಳ ನಡುವೆ ಪ್ಯಾರಾಮೀಟರ್ ದಾಟಿಸುವ ಶ್ರಮ ತಪ್ಪಲಿ ಎಂದು. ತಮ್ಮ ಲ್ಯಾಪ್‌ಟಾಪಿನಲ್ಲಿ ಒಬ್ಬರೇ ಓಡಿಸಿ ನೋಡಿದರೆ ಎಲ್ಲ ಸರಿ. ಇಬ್ಬರು ಒಟ್ಟಿಗೆ ಬಂದ ಕ್ಷಣ ಒಬ್ಬರ ಹೆಸರನ್ನು ಇನ್ನೊಬ್ಬರ ಹೆಸರು ಅಳಿಸುತ್ತದೆ. ಆದ್ದರಿಂದ ಸಿಂಗಲ್‌ಟನ್ ಕ್ಲಾಸಿನಲ್ಲಿ ಕನ್‌ಸ್ಟ್ರಕ್ಟರಿನಿಂದ ಬಂದು ಮತ್ತೆ ಬದಲಾಗದ ಫೀಲ್ಡುಗಳು ಮಾತ್ರ ಇರಲಿ. ಎಲ್ಲಕ್ಕೂ ಫೈನಲ್ ಎಂದು ಬರೆ. ಕನ್‌ಸ್ಟ್ರಕ್ಟರ್ ದಾರಿಯನ್ನೇ ಹಿಡಿ ಎಂದು ಆಗಲೇ ಹೇಳಿದ್ದಕ್ಕೆ ಇದೊಂದು ಕಾರಣ; ಫೀಲ್ಡಿನ ಮೇಲೆ ಆಟೋವೈರ್ಡ್ ಹಾಕಿದರೆ ಅದನ್ನು ಫೈನಲ್ ಮಾಡಲಾಗದು.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ದೀರ್ಘಾಯುಷ್ಯದ ಆಬ್ಜೆಕ್ಟು ಅಲ್ಪಾಯುಷ್ಯದ್ದನ್ನು ಹಿಡಿದಿಟ್ಟುಕೊಳ್ಳುವುದು. ಸೀಮನ್ ಇದಕ್ಕೆ ಕ್ಯಾಪ್ಟಿವ್ ಡಿಪೆಂಡೆನ್ಸಿ ಎಂದು ಹೆಸರಿಟ್ಟರು. ಡಾಟ್‌ನೆಟ್‌ನಲ್ಲಿ ಎಂಟಿಟಿ ಫ್ರೇಮ್‌ವರ್ಕಿನ ಡಿಬಿಕಾಂಟೆಕ್ಸ್ಟ್ ಇದಕ್ಕೆ ಹೆಸರಾಂತ ಉದಾಹರಣೆ. ಅದು ಒಂದು ರಿಕ್ವೆಸ್ಟಿಗೆ ಒಂದು ಎಂಬ ಲೆಕ್ಕದಲ್ಲಿ ನೋಂದಣಿಯಾಗುತ್ತದೆ, ಅದು ಥ್ರೆಡ್ ಸೇಫ್ ಅಲ್ಲ. ಅದನ್ನು ಸಿಂಗಲ್‌ಟನ್ ಕ್ಲಾಸೊಂದು ಕನ್‌ಸ್ಟ್ರಕ್ಟರಿನಲ್ಲಿ ಕೇಳಿ ಪಡೆಯಿತು ಎಂದುಕೋ. ಸಿಂಗಲ್‌ಟನ್ ಹುಟ್ಟುವುದು ಒಂದೇ ಸಲ, ಆದ್ದರಿಂದ ಅದರ ಕೈಗೆ ಸಿಕ್ಕಿದ ಡಿಬಿಕಾಂಟೆಕ್ಸ್ಟೂ ಒಂದೇ. ರಿಕ್ವೆಸ್ಟ್ ಮುಗಿದು ಸಾಯಬೇಕಿದ್ದದ್ದು ಅಪ್ಲಿಕೇಶನ್ ಇರುವಷ್ಟು ಕಾಲ ಬದುಕುತ್ತದೆ, ಹಳಸಿದ ದತ್ತಾಂಶ ಕೊಡುತ್ತದೆ, ಎರಡು ಥ್ರೆಡ್ಡುಗಳ ಜಗಳದಲ್ಲಿ ಮುರಿದುಬೀಳುತ್ತದೆ. ಎಎಸ್‌ಪಿ ಡಾಟ್‌ನೆಟ್ ಕೋರಿನಲ್ಲಿ ಡೆವಲಪ್‌ಮೆಂಟ್ ವಾತಾವರಣದಲ್ಲಿ ಈ ತಪ್ಪನ್ನು ಹಿಡಿಯುವ ತಪಾಸಣೆ ತಾನಾಗಿ ಚಾಲೂ ಇರುತ್ತದೆ. ಅದು ಎರರ್ ಕೊಟ್ಟಾಗ ಸಿಂಗಲ್‌ಟನ್ನನ್ನೇ ಸ್ಕೋಪ್ಡ್ ಮಾಡಬಹುದೇ ಎಂದು ಮೊದಲು ನೋಡು. ತಪಾಸಣೆಯನ್ನೇ ಆರಿಸುವ ಸಾಲು ಬರೆಯಬೇಡ.

ಸ್ಪ್ರಿಂಗಿನಲ್ಲೂ ಇದೇ ಕಥೆ. ಪ್ರೋಟೋಟೈಪ್ ಎಂದು ಗುರುತು ಹಾಕಿದ್ದನ್ನು ಸಿಂಗಲ್‌ಟನ್ನಿಗೆ ಕೊಟ್ಟರೆ, ಜೋಡಣೆ ನಡೆಯುವುದು ಒಂದೇ ಸಲವಾದ್ದರಿಂದ, ಪ್ರತಿ ಸಲವೂ ಹೊಸದು ಸಿಗುತ್ತದೆ ಎಂಬ ನಿನ್ನ ನಿರೀಕ್ಷೆ ಸುಳ್ಳಾಗುತ್ತದೆ. ಪ್ರತಿ ಸಲ ಹೊಸದು ಬೇಕಾದಲ್ಲಿ ಆಬ್ಜೆಕ್ಟಿನ ಬದಲು ಅದನ್ನು ಕೊಡುವ ಪ್ರೊವೈಡರನ್ನು ಕೇಳು. ರಾಡ್ ಜಾನ್ಸನ್ ಮತ್ತು ಗೈಸ್‌ನ ಬಾಬ್ ಲೀ ಸೇರಿ 2009ರಲ್ಲಿ ರೂಪಿಸಿದ ಜೆಎಸ್‌ಆರ್ 330 ಎಂಬ ಜಾವಾ ಮಾನದಂಡದಲ್ಲಿ ಇರುವುದೇ ಐದು ಅನೋಟೇಶನ್ ಮತ್ತು ಒಂದು ಇಂಟರ್‌ಫೇಸ್. ಆ ಒಂದೇ ಇಂಟರ್‌ಫೇಸ್ ಪ್ರೊವೈಡರ್. ಪೈಪೋಟಿಯಲ್ಲಿದ್ದ ಎರಡು ಫ್ರೇಮ್‌ವರ್ಕಿನವರು ಒಟ್ಟಿಗೆ ಕೂತು, ಇಷ್ಟಿದ್ದರೆ ಸಾಕು ಎಂದು ಒಪ್ಪಿದ ಪಟ್ಟಿ ಅದು. ಅಷ್ಟು ಚಿಕ್ಕದಾಗಿ ನಿಲ್ಲಿಸಿದ ಅವರ ಸಂಯಮವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಹುಟ್ಟಿಸಿದವರೇ ಅಂತ್ಯವನ್ನೂ ನೋಡಿಕೊಳ್ಳಬೇಕು. ಕನೆಕ್ಷನ್ ಪೂಲ್ ಮುಚ್ಚುವುದು, ಕಡತ ಬಿಡುಗಡೆ ಮಾಡುವುದು ಕಂಟೇನರಿನ ಕೆಲಸ. ಪೂಲನ್ನು ಅವಲಂಬಿಸಿದವುಗಳನ್ನು ಮೊದಲು ಮುಚ್ಚಿ, ಆಮೇಲೆ ಪೂಲನ್ನು ಮುಚ್ಚುತ್ತದೆ. ಇಲ್ಲಿ ಎರಡು ವಿಷಯ ಮಾತ್ರ ನೆನಪಿಡು. ಸ್ಪ್ರಿಂಗ್ ಪ್ರೋಟೋಟೈಪ್ ಬೀನನ್ನು ಹುಟ್ಟಿಸಿ ಕೊಟ್ಟ ಮೇಲೆ ಮರೆತುಬಿಡುತ್ತದೆ, ಅದರ ಪ್ರಿಡಿಸ್ಟ್ರಾಯ್ ಮೆಥಡ್ಡನ್ನು ಕರೆಯುವುದಿಲ್ಲ. ಡಾಟ್‌ನೆಟ್ ಇದಕ್ಕೆ ತದ್ವಿರುದ್ಧ. ಡಿಸ್ಪೋಸ್ ಮಾಡಬೇಕಾದ ಟ್ರಾನ್ಸಿಯೆಂಟುಗಳನ್ನು ಸ್ಕೋಪ್ ಮುಗಿಯುವವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಮೂಲ ಕಂಟೇನರಿನಿಂದಲೇ ಪದೇಪದೇ ಕೇಳಿದರೆ ಮೆಮೊರಿ ತುಂಬುತ್ತಾ ಹೋಗುತ್ತದೆ.

ನಾಲ್ಕನೆಯ ಭಾಗ ಕಡ್ಡಾಯವಲ್ಲ, ಆದರೆ ನಿನ್ನ ತಂಡದಲ್ಲಿ ದಿನವೂ ಬಳಸುತ್ತೀರಿ. ಆಬ್ಜೆಕ್ಟ್ ಹುಟ್ಟಿದ ಮೇಲೆ, ಕೇಳಿದವರ ಕೈಗೆ ಕೊಡುವ ಮೊದಲು, ಕಂಟೇನರ್ ಅದರ ಮೇಲೊಂದು ಹೊದಿಕೆ ಹಾಕಬಹುದು. ಸ್ಪ್ರಿಂಗಿನಲ್ಲಿ ಈ ಕೆಲಸ ಬೀನ್ ಪೋಸ್ಟ್ ಪ್ರೊಸೆಸರ್‌ನದು, ಹೊದಿಕೆಯ ಹೆಸರು ಪ್ರಾಕ್ಸಿ. ಟ್ರಾನ್ಸಾಕ್ಷನಲ್ ಎಂದು ಬರೆದ ಮೆಥಡ್ಡನ್ನು ಹೊರಗಿನವರು ಕರೆದಾಗ ಅವರು ಕರೆಯುವುದು ಪ್ರಾಕ್ಸಿಯನ್ನು. ಅದು ಟ್ರಾನ್ಸಾಕ್ಷನ್ ತೆರೆದು, ನಿನ್ನ ಮೆಥಡ್ಡನ್ನು ಓಡಿಸಿ, ಮುಗಿದ ಮೇಲೆ ಕಮಿಟ್ ಮಾಡುತ್ತದೆ. ಈಗ ಅದೇ ಕ್ಲಾಸಿನ ಇನ್ನೊಂದು ಮೆಥಡ್ ಇದನ್ನು ಒಳಗಿನಿಂದಲೇ ಕರೆದರೆ? ಆ ಕರೆ ಹೊದಿಕೆಯನ್ನು ದಾಟಿ ಬರುವುದೇ ಇಲ್ಲ. ಟ್ರಾನ್ಸಾಕ್ಷನ್ ತೆರೆಯುವುದಿಲ್ಲ, ಎರರೂ ಬರುವುದಿಲ್ಲ. ಹಣ ಕಡಿತವಾಗಿ ಸೀಟು ದಾಖಲಾಗದೆ ಉಳಿದಾಗಲೇ ಗೊತ್ತಾಗುವುದು. ಆ ಮೆಥಡ್ಡನ್ನು ಬೇರೆ ಬೀನಿಗೆ ಸಾಗಿಸುವುದೇ ನೇರ ಪರಿಹಾರ. ಫೈನಲ್ ಎಂದು ಬರೆದ ಮೆಥಡ್ಡಿನ ಮೇಲೂ ಇಂಥ ಹೊದಿಕೆ ಕೂರುವುದಿಲ್ಲ, ಏಕೆಂದರೆ ಪ್ರಾಕ್ಸಿ ನಿನ್ನ ಕ್ಲಾಸಿನ ಸಬ್‌ಕ್ಲಾಸ್ ಆಗಿ ಹುಟ್ಟುತ್ತದೆ. ಕಾಟ್ಲಿನ್‌ನಲ್ಲಿ ಕ್ಲಾಸುಗಳೆಲ್ಲ ಮೂಲತಃ ಫೈನಲ್ ಆದ್ದರಿಂದ, ಸ್ಪ್ರಿಂಗಿಗಾಗಿ ಅವನ್ನು ತೆರೆಯುವ ಪ್ಲಗಿನ್ ಬೇಕಾಗುತ್ತದೆ.

ಒಳಗಿನ ಭಾಗಗಳು ಇಷ್ಟೇ. ಆ್ಯಂಗುಲರ್‌ನಲ್ಲಿ ಇಂಜೆಕ್ಟರುಗಳು ಒಂದರ ಕೆಳಗೊಂದು ಮರದಂತೆ ಇರುತ್ತವೆ, ಪೈಥಾನಿನ ಫಾಸ್ಟ್‌ಎಪಿಐನಲ್ಲಿ ಕ್ಲಾಸಿನ ಬದಲು ಫಂಕ್ಷನ್ನುಗಳೇ ಡಿಪೆಂಡೆನ್ಸಿ ಆಗುತ್ತವೆ. ಆದರೂ ನೋಂದಣಿ ಎಲ್ಲಿ, ಹುಡುಕಾಟ ಹೇಗೆ, ಆಯುಷ್ಯ ಎಷ್ಟು ಎಂಬ ಮೂರು ಪ್ರಶ್ನೆ ಕೇಳಿದರೆ ಯಾವ ಹೊಸ ಫ್ರೇಮ್‌ವರ್ಕೂ ಒಂದು ಮಧ್ಯಾಹ್ನದಲ್ಲಿ ನಿನಗೆ ಪರಿಚಯವಾಗುತ್ತದೆ.

ಇನ್ನು ಬಳಕೆಯ ಬಗ್ಗೆ, ಇದು ನನ್ನ ಅಭಿಪ್ರಾಯ, ಗಟ್ಟಿಯಾಗಿಯೇ ಹೇಳುತ್ತೇನೆ. ಕಂಟೇನರ್ ಇದೆ ಎಂಬುದು ನಿನ್ನ ಕ್ಲಾಸುಗಳಿಗೆ ಗೊತ್ತಾಗಲೇಬಾರದು. ಅಪ್ಲಿಕೇಶನ್ ಕಾಂಟೆಕ್ಸ್ಟನ್ನೇ ಕನ್‌ಸ್ಟ್ರಕ್ಟರಿನಲ್ಲಿ ಪಡೆದು, ಬೇಕಾದಾಗ ಅದರಿಂದ ಗೆಟ್‌ಬೀನ್ ಎಂದು ಎತ್ತಿಕೊಳ್ಳುವ ಕೋಡ್ ನಿನ್ನ ಕಣ್ಣಿಗೆ ಬಿದ್ದೀತು. ಸರ್ವಿಸ್ ಲೊಕೇಟರ್ ಎಂಬ ಹಳೆಯ ಪದ್ಧತಿ ಅದು. ಆ ಕ್ಲಾಸಿಗೆ ಏನು ಬೇಕು ಎಂಬುದು ಮತ್ತೆ ಹೊರಗಿನವರಿಗೆ ಕಾಣದಾಗುತ್ತದೆ, ಟೆಸ್ಟಿಗೆ ಇಡೀ ಕಂಟೇನರನ್ನೇ ಎಬ್ಬಿಸಬೇಕಾಗುತ್ತದೆ. ನೀನು ಬರೆದ ಸರ್ವಿಸ್ ಕ್ಲಾಸನ್ನು ಜೆಯೂನಿಟ್ ಟೆಸ್ಟಿನಲ್ಲಿ ಸಾದಾ 'ನ್ಯೂ' ಹಾಕಿ, ನಕಲಿ ಗೇಟ್‌ವೇ ಕೊಟ್ಟು, ಸ್ಪ್ರಿಂಗ್ ಇಲ್ಲದೆ ಓಡಿಸಲು ಬರಬೇಕು. ಬಾರದಿದ್ದರೆ ಎಲ್ಲೋ ಏನೋ ತಪ್ಪಿದೆ. ಸ್ಪ್ರಿಂಗ್ 4.3ರಿಂದ ಈಚೆಗೆ ಕ್ಲಾಸಿಗೆ ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಆಟೋವೈರ್ಡ್ ಎಂದು ಬರೆಯುವುದೂ ಬೇಕಿಲ್ಲ.

ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರುಗಳು ಎಂಟು ಹತ್ತು ಆದಾಗ ಕೋಡ್ ಅಸಹ್ಯವಾಗಿ ಕಾಣುತ್ತದೆ. ಕಾಣಲಿ. ಫೀಲ್ಡಿಗೆ ಅನೋಟೇಶನ್ ಹಾಕಿ ಅದನ್ನು ಮುಚ್ಚಿಡುವವರು ಬಹಳ. ಆ ಉದ್ದ ಚೀಟಿ ಹೇಳುತ್ತಿರುವುದು, ಈ ಕ್ಲಾಸು ಒಂದಕ್ಕಿಂತ ಹೆಚ್ಚು ಕೆಲಸ ಹೊತ್ತಿದೆ ಎಂದು. ಎಲ್ಲವನ್ನೂ ಇಂಜೆಕ್ಟ್ ಮಾಡಲು ಹೋಗುವುದೂ ಬೇಡ. ಟಿಕೆಟ್, ದಿನಾಂಕ, ದರ ಇವು ದತ್ತಾಂಶ. ಇವನ್ನು ಧಾರಾಳವಾಗಿ 'ನ್ಯೂ' ಮಾಡು. ಹೊರಲೋಕವನ್ನು ಮುಟ್ಟುವ ವಸ್ತುಗಳು, ಅಂದರೆ ಡೇಟಾಬೇಸ್, ನೆಟ್‌ವರ್ಕ್, ಗಡಿಯಾರ, ಇವನ್ನು ಕೇಳಿ ಪಡೆ. ಗಡಿಯಾರವೂ ಸೇರಿದೆ ಎಂಬುದನ್ನು ಮರೆಯಬೇಡ. ಬಸ್ ಹೊರಡುವ ಎರಡು ಗಂಟೆ ಮೊದಲು ರದ್ದು ಮಾಡಿದರೆ ಎಷ್ಟು ಹಣ ವಾಪಸ್ಸು ಎಂಬ ಲೆಕ್ಕವನ್ನು ಟೆಸ್ಟ್ ಮಾಡಬೇಕಾದರೆ ಸಮಯ ನಿನ್ನ ಕೈಯಲ್ಲಿರಬೇಕು. ಜಾವಾದಲ್ಲಿ ಅದಕ್ಕೆಂದೇ ಕ್ಲಾಕ್ ಎಂಬ ಕ್ಲಾಸಿದೆ, ಡಾಟ್‌ನೆಟ್ 8ರಲ್ಲಿ ಟೈಮ್ ಪ್ರೊವೈಡರ್ ಬಂದಿದೆ. ಒಂದೇ ಅನುಷ್ಠಾನ ಇರುವಲ್ಲೂ ಇಂಟರ್‌ಫೇಸ್ ಬರೆದು, ಕ್ಲಾಸಿನ ಹೆಸರಿಗೆ ಇಂಪ್ಲ್ ಎಂದು ಬಾಲ ಸೇರಿಸುವ ರೂಢಿಯನ್ನೂ ಬಿಡಬಹುದು. ಕಂಟೇನರಿಗೆ ಅದು ಬೇಕಿಲ್ಲ.

ಈ ಶನಿವಾರ ಬಿಡುವಿದ್ದರೆ ಒಂದು ಕೆಲಸ ಮಾಡು. ನಿನ್ನದೇ ಪುಟ್ಟ ಕಂಟೇನರ್ ಬರೆ, ಜಾವಾದಲ್ಲೇ, ಯಾವ ಲೈಬ್ರರಿಯೂ ಇಲ್ಲದೆ. ಒಂದು ಹ್ಯಾಶ್‌ಮ್ಯಾಪ್ ಇಡು, ಟೈಪಿನಿಂದ ಅನುಷ್ಠಾನಕ್ಕೆ. ಇನ್ನೊಂದು, ಆಗಲೇ ಹುಟ್ಟಿದ ಸಿಂಗಲ್‌ಟನ್ನುಗಳಿಗೆ. ರಿಸಾಲ್ವ್ ಎಂಬ ಮೆಥಡ್ಡಿನಲ್ಲಿ ಮೊದಲು ಎರಡನೇ ಮ್ಯಾಪ್ ನೋಡು, ಸಿಗದಿದ್ದರೆ ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರ್ ಟೈಪುಗಳನ್ನು ತೆಗೆದು ಒಂದೊಂದಕ್ಕೂ ಅದೇ ಮೆಥಡ್ ಕರೆ, ಬಂದವನ್ನು ಕೊಟ್ಟು ನ್ಯೂ ಇನ್‌ಸ್ಟನ್ಸ್ ಮಾಡು. ನೂರು ಸಾಲಿನೊಳಗೆ ಮುಗಿಯುತ್ತದೆ. ಅದು ಓಡಿದ ಮೇಲೆ ಬೇಕೆಂದೇ ಬುಕಿಂಗ್ ಮತ್ತು ರೀಫಂಡನ್ನು ಸುತ್ತಿನಲ್ಲಿ ಸಿಕ್ಕಿಸಿ ಸ್ಟ್ಯಾಕ್ ಓವರ್‌ಫ್ಲೋ ಬರಿಸು, ಆಮೇಲೆ ಈಗ ಯಾವ ಯಾವ ಟೈಪ್ ತಯಾರಾಗುತ್ತಿದೆ ಎಂಬ ಪಟ್ಟಿ ಇಟ್ಟುಕೊಂಡು, ಸುತ್ತು ಬಂದಾಗ ಇಡೀ ದಾರಿಯನ್ನು ಓದುವ ಹಾಗೆ ಎರರ್ ಕೊಡುವಂತೆ ತಿದ್ದು. ಸ್ಕೋಪ್ಡ್ ಸೇರಿಸುವಾಗ ತೊಡಕಾದರೆ ಫೋನ್ ಮಾಡು, ಸಂಜೆ ಆರರ ಮೇಲೆ ಬಿಡುವಾಗಿರುತ್ತೇನೆ. ಕೋಡ್ ಕಳಿಸುವಾಗ ಟೆಸ್ಟುಗಳನ್ನೂ ಸೇರಿಸಿ ಕಳಿಸು.